ವ್ಯಾಲೆಂಟೈನ್ ದಿನ: ಹಕ್ಕಿಗಳ ಸಭೆಯಿಂದ ಗುಲಾಬಿಯ ಪೇಟೆಯವರೆಗೆ

ಫೆಬ್ರುವರಿಯ ಎರಡನೆಯ ವಾರ ಬಂತೆಂದರೆ ನಮ್ಮ ಉಪನಗರದ ಸ್ಟೇಷನ್ನಿನ ಹೊರಗೆ ಹೂ ಮಾರುವವರ ಬುಟ್ಟಿಗಳ ಬಣ್ಣವೇ ಬದಲಾಗುತ್ತದೆ. ದಿನವೂ ಪೂಜೆಗೆಂದು ಚೆಂಡುಹೂವು, ಸೇವಂತಿಗೆ, ಗರಿಕೆ ಮಾರುವ ಅದೇ ಬಾಯಿ ಆ ವಾರ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂಟಿ ಗುಲಾಬಿಗಳನ್ನು ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡು ಕುಳಿತಿರುತ್ತಾಳೆ. ಬೆಲೆ ಕೇಳಿದರೆ ನನ್ನಂಥ ಪಿಂಚಣಿದಾರನ ಎದೆ ಝಲ್ಲೆನ್ನುತ್ತದೆ.

ಅದೇ ವಾರ ನಮ್ಮ ಮನೆಯಲ್ಲೂ ಒಂದು ವಾಗ್ವಾದ ತಪ್ಪದು. ಮಗ ಹೇಳುತ್ತಾನೆ: ‘ಇದು ಕಾರ್ಡು, ಚಾಕೊಲೇಟು ಮಾರುವವರು ಹುಟ್ಟಿಸಿದ ಹಬ್ಬ.’ ಕಾಲೇಜಿಗೆ ಹೋಗುವ ಮೊಮ್ಮಗಳು ಬಿಡುವುದಿಲ್ಲ: ‘ಅಲ್ಲ ಅಜ್ಜಾ, ರೋಮಿನಲ್ಲಿ ಒಬ್ಬ ಸಂತ ಪ್ರೇಮಿಗಳ ಮದುವೆ ಮಾಡಿಸಿದ್ದಕ್ಕೆ ಪ್ರಾಣ ಕೊಟ್ಟ. ಇದಕ್ಕೆ ಸಾವಿರದ ಏಳುನೂರು ವರ್ಷದ ಇತಿಹಾಸ ಇದೆ.’ ಎದುರುಮನೆಯ ರಾಯರು ಚಹಾ ಕುಡಿಯುತ್ತ ‘ಅದೂ ಅಲ್ಲ, ಇದೂ ಅಲ್ಲ. ನಮ್ಮ ಹುಡುಗರನ್ನು ಕೆಡಿಸುವುದಕ್ಕೆ ಹೊರಗಿನಿಂದ ಬಂದದ್ದು’ ಎಂದು ತೀರ್ಪು ಕೊಡುತ್ತಾರೆ. ನನ್ನ ಹೆಂಡತಿ ಮಾತ್ರ ಏನೂ ಹೇಳದೆ ಬಟಾಣಿ ಸುಲಿಯುತ್ತ ಕೂಡುತ್ತಾಳೆ.

ಮೂವರಲ್ಲಿ ಯಾರ ಮಾತು ನಿಜ ಎಂಬ ಕುತೂಹಲ ನನ್ನನ್ನು ಕೆಲವು ದಿನ ಗ್ರಂಥಾಲಯಕ್ಕೆ ಓಡಾಡಿಸಿತು. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುತ್ತೇನೆ. ಮೊದಲೇ ಹೇಳಿಬಿಡುವುದಾದರೆ, ಮೂವರ ಮಾತಿನಲ್ಲೂ ಒಂದಿಷ್ಟು ಹುರುಳಿದೆ, ಆದರೆ ಯಾರದೂ ಪೂರ್ತಿ ಸರಿಯಲ್ಲ.

ಸಂತನ ಕಥೆ

ವ್ಯಾಲೆಂಟೈನ್ ಎಂಬ ಹೆಸರಿನ ಸಂತ ಒಬ್ಬನಲ್ಲ. ಫೆಬ್ರುವರಿ 14ರ ತಾರೀಖಿಗೆ ಹಳೆಯ ಕ್ರೈಸ್ತ ಪಟ್ಟಿಗಳಲ್ಲಿ ಆ ಹೆಸರಿನ ರೋಮಿನ ಪಾದ್ರಿಯೊಬ್ಬ ಸಿಗುತ್ತಾನೆ, ಇಟಲಿಯ ತೆರ್ನಿ ಊರಿನ ಬಿಷಪ್ ಒಬ್ಬ ಸಿಗುತ್ತಾನೆ, ಇಬ್ಬರೂ ಬಲಿದಾನಿಗಳು. ಇಬ್ಬರೂ ಒಬ್ಬನೇ ಇದ್ದಾನು ಎಂದು ಊಹಿಸುವ ವಿದ್ವಾಂಸರೂ ಇದ್ದಾರೆ. ರೋಮಿನ ವ್ಯಾಲೆಂಟೈನ್ 268ರಿಂದ 270ರವರೆಗೆ ಆಳಿದ ಎರಡನೆಯ ಕ್ಲಾಡಿಯಸ್ ಚಕ್ರವರ್ತಿಯ ಕಾಲದವನೆಂದು ಪ್ರತೀತಿ. 13ನೆಯ ಶತಮಾನದ ಪ್ರಸಿದ್ಧ ಸಂತಚರಿತ್ರೆ ‘ಸುವರ್ಣ ಪುರಾಣ’ದಲ್ಲಿ ಆತ ಕುರುಡು ಹುಡುಗಿಯೊಬ್ಬಳಿಗೆ ದೃಷ್ಟಿ ಬರಿಸಿದ ಪವಾಡವಿದೆ, ಶಿರಚ್ಛೇದವಿದೆ. ಆದರೆ ಪ್ರೇಮಿಗಳ ಸುದ್ದಿ ಇಲ್ಲ. ಚಕ್ರವರ್ತಿ ಸೈನಿಕರ ಮದುವೆಯನ್ನು ನಿಷೇಧಿಸಿದ, ಸಂತ ಗುಟ್ಟಾಗಿ ಮದುವೆ ಮಾಡಿಸಿದ, ಸೆರೆಮನೆಯಿಂದ ‘ನಿನ್ನ ವ್ಯಾಲೆಂಟೈನ್’ ಎಂದು ಸಹಿ ಹಾಕಿ ಚೀಟಿ ಕಳಿಸಿದ ಎಂಬುದೆಲ್ಲ ಬಹಳ ಕಾಲದ ಮೇಲೆ ಸೇರಿಕೊಂಡ ಕಥೆಗಳು. ಸಂತನ ಬಗ್ಗೆ ಖಚಿತವಾಗಿ ತಿಳಿದದ್ದು ಅತ್ಯಲ್ಪವೆಂದು 1969ರಲ್ಲಿ ಕ್ಯಾಥೊಲಿಕ್ ಚರ್ಚೇ ತನ್ನ ಸಾರ್ವತ್ರಿಕ ಪಂಚಾಂಗದಿಂದ ಈ ಸ್ಮರಣೆಯನ್ನು ಕೈಬಿಟ್ಟಿತು.

ಇನ್ನು ಕೆಲವರು ರೋಮನ್ನರ ಲೂಪರ್ಕಾಲಿಯಾ ಎಂಬ ಹಬ್ಬವನ್ನು ಮೂಲವಾಗಿ ತೋರಿಸುತ್ತಾರೆ. ಫೆಬ್ರುವರಿ 15ರಂದು ತರುಣ ಪುರೋಹಿತರು ಬಲಿ ಕೊಟ್ಟ ಆಡಿನ ಚರ್ಮದ ಪಟ್ಟಿಗಳನ್ನು ಹಿಡಿದು ಊರಲ್ಲಿ ಓಡುತ್ತಿದ್ದರು. ಆ ಏಟು ತಗಲಿದರೆ ಸಂತಾನವಾಗುತ್ತದೆಂದು ಹೆಂಗಸರು ಎದುರು ಬಂದು ನಿಲ್ಲುತ್ತಿದ್ದರು. ಇದು ನಿಜವಾದ ಹಬ್ಬವೇ. ಆದರೆ ಆ ಹಬ್ಬದಲ್ಲಿ ಹುಡುಗರು ಹುಡುಗಿಯರ ಹೆಸರಿನ ಚೀಟಿ ಎತ್ತುತ್ತಿದ್ದರು, ಚರ್ಚು ಅದನ್ನೇ ವ್ಯಾಲೆಂಟೈನ್ ದಿನವಾಗಿ ಮಾರ್ಪಡಿಸಿತು ಎಂಬ ಮಾತಿಗೆ ರೋಮಿನ ಕಾಲದ ಆಧಾರ ಇಲ್ಲ. 18ನೆಯ ಶತಮಾನದಲ್ಲಿ ಸಂತರ ಚರಿತ್ರೆ ಬರೆದ ಆಲ್ಬನ್ ಬಟ್ಲರನಂಥವರು ತಮ್ಮ ಕಾಲದ ಆಟವನ್ನು ಹಿಂದಿನವರ ತಲೆಗೆ ಕಟ್ಟಿದ್ದು ಅದು.

ಹಕ್ಕಿಗಳು ಕೇಳಿದ ಗಡುವು

ಹಾಗಾದರೆ ಪ್ರೇಮ ಈ ದಿನಕ್ಕೆ ಅಂಟಿಕೊಂಡದ್ದು ಎಲ್ಲಿಂದ? ಕಾವ್ಯದಿಂದ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಕವಿ ಜೆಫ್ರಿ ಚಾಸರ್ ‘ಹಕ್ಕಿಗಳ ಸಭೆ’ ಎಂಬ ಅರ್ಥದ ಹೆಸರಿಟ್ಟು ಸುಮಾರು 700 ಸಾಲಿನ ಕಾವ್ಯವೊಂದನ್ನು ಬರೆದ. ಸಂತ ವ್ಯಾಲೆಂಟೈನನ ದಿನ ಎಲ್ಲ ಹಕ್ಕಿಗಳೂ ತಮ್ಮ ತಮ್ಮ ಜೊತೆಯನ್ನು ಆರಿಸಿಕೊಳ್ಳಲು ಪ್ರಕೃತಿ ದೇವಿಯ ಮುಂದೆ ಕೂಡುತ್ತವೆ ಎಂಬುದು ಅದರ ವಸ್ತು. ಈ ದಿನಕ್ಕೂ ಪ್ರಣಯಕ್ಕೂ ನಂಟು ಹಾಕಿದ ಬರಹಗಳಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯವು ಚಾಸರ್ ಮತ್ತು ಅವನ ಸಮಕಾಲೀನ ಕವಿಗಳವೇ. 1981ರಲ್ಲಿ ಜ್ಯಾಕ್ ಓರಕ್ ಎಂಬ ವಿದ್ವಾಂಸರು ಇದನ್ನು ವಿವರವಾಗಿ ವಾದಿಸಿದರು. ಫೆಬ್ರುವರಿಯ ಚಳಿಯಲ್ಲಿ ಹಕ್ಕಿಗಳ ಪ್ರಣಯವೇ ಎಂದು ಸಂಶಯಪಟ್ಟ ಇನ್ನೊಬ್ಬ ವಿದ್ವಾಂಸ ಹೆನ್ರಿ ಕೆಲ್ಲಿ, ಚಾಸರನ ಮನಸ್ಸಿನಲ್ಲಿದ್ದದ್ದು ಮೇ 3ರಂದು ಸ್ಮರಿಸುವ ಜಿನೋವಾದ ಬೇರೊಬ್ಬ ವ್ಯಾಲೆಂಟೈನ್ ಎಂದು 1986ರಲ್ಲಿ ಬರೆದರು. ಆ ಚರ್ಚೆ ವಿದ್ವಾಂಸರಿಗಿರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾವ್ಯದ ಕಥೆ. ಪ್ರಕೃತಿ ದೇವಿಯ ಕೈಯ ಮೇಲೆ ಒಂದು ಹೆಣ್ಣು ಗರುಡ ಕುಳಿತಿದೆ. ಅದನ್ನು ಬಯಸಿ ಮೂರು ಗಂಡು ಗರುಡಗಳು ಒಂದಾದ ಮೇಲೊಂದು ತಮ್ಮ ಕುಲ, ಸೇವೆ, ನಿಷ್ಠೆಗಳನ್ನು ಬಣ್ಣಿಸುತ್ತವೆ. ವಾದ ಬೆಳೆದು ಬೆಳೆದು ಸಂಜೆಯಾಗುತ್ತದೆ. ತಮ್ಮ ಸರದಿಗೆ ಕಾದು ಬೇಸತ್ತ ಬಾತುಕೋಳಿ, ಕೋಗಿಲೆಗಳು ‘ಬೇಗ ಮುಗಿಸಿ, ನಾವು ಹೋಗಬೇಕು’ ಎಂದು ಗದ್ದಲ ಎಬ್ಬಿಸುತ್ತವೆ. ನಮ್ಮ ಮದುವೆ ಮಾತುಕತೆಯ ಚಾವಡಿಯೇ ಸರಿ! ಕೊನೆಗೆ ದೇವಿ ‘ಆಯ್ಕೆ ನಿನ್ನದು’ ಎಂದು ಹೆಣ್ಣು ಗರುಡಕ್ಕೇ ಬಿಡುತ್ತಾಳೆ. ಅದು ಮೂವರಲ್ಲಿ ಯಾರನ್ನೂ ಆರಿಸುವುದಿಲ್ಲ. ಯೋಚಿಸಲು ನನಗೆ ಒಂದು ವರ್ಷ ಅವಕಾಶ ಬೇಕು ಎನ್ನುತ್ತದೆ. ದೇವಿ ಒಪ್ಪುತ್ತಾಳೆ, ಗಂಡು ಗರುಡಗಳು ಕಾಯಬೇಕು.

ಪ್ರೇಮಿಗಳ ದಿನದ ಮೊದಲ ಕಥೆಯಲ್ಲಿ ಇರುವುದು ಹೂವಲ್ಲ, ಉಡುಗೊರೆಯಲ್ಲ; ಕೇಳುವ ಹಕ್ಕು, ಮತ್ತು ಉತ್ತರಕ್ಕೆ ಸಮಯ ಪಡೆಯುವ ಹಕ್ಕು. ಮುಂದಿನ ಆರುನೂರು ವರ್ಷ ಈ ಹಬ್ಬ ಎಷ್ಟೋ ವೇಷ ಹಾಕಿತು. ಪ್ರತಿಯೊಂದು ವೇಷವನ್ನೂ ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡಬಹುದೆಂದು ನನಗೆ ತೋರಿತು.

ಮಾರ್ಜರಿಯ ಕಾಗದ

ಕವಿಗಳ ಮಾತು ನೂರು ವರ್ಷದೊಳಗೆ ಸಂಸಾರಸ್ಥರ ಬಾಯಿಗೂ ಬಂತು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಪ್ಯಾಸ್ಟನ್ ಮನೆತನದವರು ಕಾಪಿಟ್ಟ ಪತ್ರಗಳಲ್ಲಿ 1477ರ ಫೆಬ್ರುವರಿಯ ಕೆಲವು ಕಾಗದಗಳಿವೆ. ಜಾನ್ ಪ್ಯಾಸ್ಟನ್ ಎಂಬ ತರುಣನಿಗೂ ಮಾರ್ಜರಿ ಬ್ರೂಸ್ ಎಂಬ ಹುಡುಗಿಗೂ ಮದುವೆಯ ಮಾತು ನಡೆದಿತ್ತು. ತಕರಾರು ಯಾವುದರ ಬಗ್ಗೆ ಎಂದು ಹೇಳಿದರೆ ನಮ್ಮವರಿಗೆ ಆಶ್ಚರ್ಯವಾಗಲಾರದು. ವರದಕ್ಷಿಣೆಯ ಬಗ್ಗೆ! ಹುಡುಗಿಯ ತಂದೆ ನೂರು ಪೌಂಡು ಮತ್ತು ಐವತ್ತು ಮಾರ್ಕಿನ ಮೇಲೆ ಏರಲು ಸಿದ್ಧನಿರಲಿಲ್ಲ. ಹುಡುಗನ ಕಡೆಗೆ ಅದು ಏನೇನೂ ಸಾಲದು. ಹುಡುಗಿಯ ತಾಯಿ ಜಾಣೆ. ಶುಕ್ರವಾರ ಸಂತ ವ್ಯಾಲೆಂಟೈನನ ದಿನ, ಹಕ್ಕಿಗಳೂ ಜೊತೆ ಹುಡುಕುವ ದಿನ, ಗುರುವಾರ ರಾತ್ರಿಯೇ ಬಂದು ಸೋಮವಾರದವರೆಗೆ ಇರಿ ಎಂದು ಭಾವಿ ಅಳಿಯನಿಗೆ ಬರೆದಳು.

ಅದೇ ತಿಂಗಳು ಮಾರ್ಜರಿಯೂ ಅವನಿಗೆ ಬರೆದಳು. ಅವನನ್ನು ‘ವ್ಯಾಲೆಂಟೈನ್’ ಎಂದು ಕರೆದ ಆ ಪತ್ರ ಇಂಗ್ಲಿಷಿನಲ್ಲಿ ಉಳಿದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಕಾಗದವೆಂದು ಹೆಸರಾಗಿದೆ. ಅದರ ಸಾರ ಇಷ್ಟು: ನನಗೆ ದೇಹದಲ್ಲೂ ಮನಸ್ಸಿನಲ್ಲೂ ನೆಮ್ಮದಿಯಿಲ್ಲ, ಅಮ್ಮ ಎಷ್ಟು ಹೇಳಿದರೂ ಅಪ್ಪ ಹೆಚ್ಚು ಕೊಡಲು ಒಪ್ಪುತ್ತಿಲ್ಲ, ನಿಮಗೆ ನನ್ನ ಮೇಲೆ ಪ್ರೀತಿಯಿದ್ದರೆ ಹಣಕ್ಕಾಗಿ ನನ್ನನ್ನು ಬಿಡಲಾರಿರಿ. ಈ ಕಾಗದವನ್ನು ನಿಮ್ಮ ಹೊರತು ಇನ್ನಾರೂ ನೋಡಬಾರದು ಎಂದೂ ಕೇಳಿಕೊಂಡಿದ್ದಾಳೆ. ಆದರೆ ಕಾಗದದ ಅಕ್ಷರ ಅವಳದಲ್ಲ, ತಂದೆಯ ಗುಮಾಸ್ತನದು! ಅವಳು ಹೇಳಿದಳು, ಅವನು ಬರೆದ. ಯಾರೂ ನೋಡಬಾರದೆಂದ ಆ ಕಾಗದ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಎರಡೂ ಕಡೆಯ ತಾಯಂದಿರು ಮುಂದೆ ಬಂದು ಮಾತಿಗೆ ಕುಳಿತರು. ಅದೇ ವರ್ಷ ಮದುವೆಯೂ ಆಯಿತು.

ಚೀಟಿ ಎತ್ತುವ ಆಟ

17ನೆಯ ಶತಮಾನದ ಲಂಡನ್ನಿಗೆ ಬಂದರೆ ಹಬ್ಬದ ಮುಖವೇ ಬೇರೆ. ಅಲ್ಲಿನ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಬರೆದ ದಿನಚರಿ ಪ್ರಸಿದ್ಧವಾದದ್ದು. ಅವನ ಕಾಲದಲ್ಲಿ ಚೀಟಿ ಎತ್ತಿ ವ್ಯಾಲೆಂಟೈನನ್ನು ಗೊತ್ತುಮಾಡುವ ರೂಢಿಯಿತ್ತು. ಮದುವೆಯಾದವರು, ಮಕ್ಕಳು ಎಲ್ಲರೂ ಆಟದಲ್ಲಿ ಸೇರುತ್ತಿದ್ದರು. ಯಾರ ಹೆಸರು ಬಂತೋ ಅವರಿಗೆ ಗಂಡಸು ಕೈಗವಸೋ ರೇಷ್ಮೆಯ ಕಾಲುಚೀಲವೋ ಕೊಡಬೇಕು. 1667ರ ಆ ದಿನ ಬೆಳಿಗ್ಗೆ ಪರಿಚಿತರ ಮನೆಯ ಪುಟ್ಟ ಹುಡುಗನೊಬ್ಬ ಪೀಪ್ಸನ ಹೆಂಡತಿಯ ಹೆಸರನ್ನು ನೀಲಿ ಕಾಗದದ ಮೇಲೆ ಚಿನ್ನದ ಅಕ್ಷರದಲ್ಲಿ ತಾನೇ ಬರೆದು ತಂದುಕೊಟ್ಟ. ಅದೇ ವರ್ಷ ಪೀಪ್ಸನೂ ತನ್ನ ಹೆಂಡತಿಗೇ ವ್ಯಾಲೆಂಟೈನ್ ಆದ. ಇದರಿಂದ ತನಗೆ ಐದು ಪೌಂಡು ಖರ್ಚು, ಹೇಗೂ ಅವಳಿಗೆ ಕೊಡಬೇಕಾಗಿದ್ದುದೇ ಎಂದು ದಿನಚರಿಯಲ್ಲಿ ಸಮಾಧಾನ ಮಾಡಿಕೊಂಡಿದ್ದಾನೆ. ಈ ಗಂಡನನ್ನು ನಾವು ನೀವೆಲ್ಲ ಬಲ್ಲೆವು.

ಆಯ್ಕೆಯ ಹಬ್ಬ ಹೀಗೆ ಅದೃಷ್ಟದ ಆಟವಾಯಿತು. ಅದರಲ್ಲಿ ವಿನೋದವಿತ್ತು, ನೆರೆಹೊರೆಯ ಸಲಿಗೆಯಿತ್ತು. ಜೊತೆಗೆ ಲೆಕ್ಕಪುಸ್ತಕವೂ ತೆರೆಯಿತು.

ಒಂದು ಪೆನ್ನಿಯ ಟಪಾಲು

ಆಮೇಲೆ ಟಪಾಲಿನ ಕಾಲ ಬಂತು. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1823ರಲ್ಲಿ ಪ್ರಕಟಿಸಿದ ತನ್ನ ಸಂಕಲನದಲ್ಲಿ ಈ ದಿನದ ಮೇಲೊಂದು ಲೇಖನ ಸೇರಿಸಿದ್ದಾನೆ. ಕಾಗದಗಳ ಹೊರೆ ಹೊತ್ತು ಸುಸ್ತಾದ ಲಂಡನ್ನಿನ ಟಪಾಲಿನವನ ಚಿತ್ರ ಅದರಲ್ಲಿದೆ. ಒಬ್ಬ ಚಿತ್ರಕಾರನ ಕಥೆಯೂ ಇದೆ. ಎದುರುಮನೆಯ ಕಿಟಕಿಯಲ್ಲಿ ಕಾಣುವ ಮುಗ್ಧ ಹುಡುಗಿಯೊಬ್ಬಳ ಗೆಲುವು ಅವನಿಗೆ ಎಷ್ಟೋ ದಿನ ಸಂತೋಷ ಕೊಟ್ಟಿತ್ತು. ಅವನು ಗುಟ್ಟಾಗಿ ಒಂದು ಅಂದದ ವ್ಯಾಲೆಂಟೈನ್ ಬರೆದು, ಹೆಸರು ಹಾಕದೆ ಅಂಚೆಗೆ ಹಾಕಿದ. ಅದು ಕೈಗೆ ಬಂದಾಗ ಅವಳು ಚಪ್ಪಾಳೆ ತಟ್ಟಿ ಕುಣಿದದ್ದನ್ನು ತನ್ನ ಕಿಟಕಿಯಿಂದ ನೋಡಿದ. ಅಷ್ಟೇ. ಏನನ್ನೂ ಬಯಸದೆ ಕೊಟ್ಟ ಕಾಣಿಕೆ ಅದು.

ಆಗ ಇಂಗ್ಲೆಂಡಿನಲ್ಲಿ ದೂರಕ್ಕೂ ಹಾಳೆಗಳ ಸಂಖ್ಯೆಗೂ ತಕ್ಕಂತೆ ಅಂಚೆಯ ದರವಿತ್ತು, ಅದನ್ನು ಸಾಮಾನ್ಯವಾಗಿ ತೆರುತ್ತಿದ್ದವನು ಕಾಗದ ಪಡೆದವನು. ರೋಲಂಡ್ ಹಿಲ್ ಸೂಚಿಸಿದ ಸುಧಾರಣೆಯಿಂದ 1840ರ ಜನವರಿ 10ರಂದು ಅರ್ಧ ಔನ್ಸಿನ ಕಾಗದ ದೇಶದಲ್ಲಿ ಎಲ್ಲಿಗೆ ಹೋದರೂ ಒಂದೇ ಪೆನ್ನಿ ಎಂದಾಯಿತು. ಮೇ ತಿಂಗಳಲ್ಲಿ ಜಗತ್ತಿನ ಮೊದಲ ಅಂಚೆಚೀಟಿಯೂ ಬಂತು. ಮನೆಗೆಲಸದ ಹುಡುಗಿಯೂ ಗಿರಣಿಯ ಹುಡುಗನೂ ಈಗ ಒಂದು ಪೆನ್ನಿಗೆ ಮನಸ್ಸಿನ ಮಾತನ್ನು ನೂರು ಮೈಲಿ ದಾಟಿಸಬಲ್ಲವರಾದರು. ಜಾಲರಿ ಕಾಗದದ ಅಂಚು, ರೇಷ್ಮೆಯ ಹೂವು ಅಂಟಿಸಿದ ಕಾರ್ಡುಗಳ ದೊಡ್ಡ ಉದ್ಯಮವೇ ಬೆಳೆಯಿತು. ಹಾಗೆಯೇ ಹೆಸರು ಹಾಕದೆ ಅಣಕಿಸುವ, ಅವಮಾನಿಸುವ ಅಗ್ಗದ ಕಾರ್ಡುಗಳೂ ಹರಡಿದವು. ಮುದಿ ಕನ್ಯೆ, ಕುಡುಕ, ಜಿಪುಣ ಅಂಗಡಿಯವ, ಯಾರನ್ನೂ ಬಿಡಲಿಲ್ಲ. ಸುಲಭವಾದ ಸಾಧನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೇ ಹೊತ್ತು ತರುತ್ತದೆ ಎಂಬುದು ನಮ್ಮ ಮೊಬೈಲಿನ ಕಾಲದಲ್ಲಿ ಹೊಸದಾಗಿ ಕಂಡ ಸತ್ಯವೇನಲ್ಲ.

ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವುಸ್ಟರ್ ಊರಿನಲ್ಲಿ ಎಸ್ತರ್ ಹೌಲಂಡ್ ಎಂಬ ತರುಣಿಯಿದ್ದಳು. 1847ರಲ್ಲಿ ಪದವಿ ಮುಗಿಸಿದವಳು, ತಂದೆಯದು ಕಾಗದ–ಪುಸ್ತಕದ ವ್ಯಾಪಾರ. ಇಂಗ್ಲೆಂಡಿನ ಕಾರ್ಡೊಂದನ್ನು ನೋಡಿ ಇದಕ್ಕಿಂತ ಚೆನ್ನಾಗಿ ಮಾಡಬಲ್ಲೆನೆಂದು ಹೊರಟಳು. ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಅಣ್ಣನ ಕೈಯಲ್ಲಿ ಮಾದರಿ ಕಳಿಸಿದಳು. ಬಂದ ಬೇಡಿಕೆಯನ್ನು ಪೂರೈಸಲು ಮನೆಯಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿ, ಒಬ್ಬರು ಕತ್ತರಿಸುವುದು, ಇನ್ನೊಬ್ಬರು ಅಂಟಿಸುವುದು ಎಂದು ಕೆಲಸ ಹಂಚಿದಳು. ಹತ್ತಾರು ವರ್ಷ ಲಾಭದಲ್ಲಿ ನಡೆಸಿದ ಆ ಉದ್ಯಮವನ್ನು 1881ರಲ್ಲಿ ಮಾರಿದಳು. ಲೆಕ್ಕವಿಲ್ಲದಷ್ಟು ಜೋಡಿಗಳ ಪ್ರೇಮಪತ್ರ ಸಿದ್ಧಮಾಡಿದ ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾಡ್ಬರಿ 1860ರ ದಶಕದಲ್ಲಿ ಚಾಕೊಲೇಟಿಗೆ ಹೃದಯಾಕಾರದ ಡಬ್ಬಿ ತಂದಿದ್ದ. ಚಾಕೊಲೇಟು ತಿಂದ ಮೇಲೂ ಡಬ್ಬಿ ಕಾಗದಗಳನ್ನಿಡಲು ಉಳಿಯುತ್ತಿತ್ತು. ನನ್ನ ಮಗನ ಮಾತು ನಿಜವಾಗುವುದು ಇಲ್ಲಿಂದ. ವ್ಯಾಪಾರಿಗಳು ಹಬ್ಬವನ್ನು ಹುಟ್ಟಿಸಲಿಲ್ಲ. ಹುಟ್ಟಿದ ಹಬ್ಬವನ್ನು ದತ್ತು ತೆಗೆದುಕೊಂಡರು.

ಕಾಣಿಕೆ ಕಪ್ಪವಾದಾಗ

ದತ್ತು ಹೋದ ಮಗು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಪಾನಿನ ಉದಾಹರಣೆ ಸಾಕು. 1936ರಲ್ಲಿ ಕೋಬೆ ನಗರದ ಮಿಠಾಯಿ ಕಂಪನಿಯೊಂದು ಅಲ್ಲಿನ ಪರದೇಶೀಯರಿಗಾಗಿ ಈ ದಿನದ ಚಾಕೊಲೇಟಿನ ಜಾಹೀರಾತು ಹಾಕಿತು. ಯುದ್ಧ ಮುಗಿದ ಮೇಲೆ, 1950ರ ದಶಕದ ಕೊನೆಯಿಂದ, ಇತರ ಕಂಪನಿಗಳೂ ಸೇರಿ ಹಬ್ಬವನ್ನು ಬೆಳೆಸಿದವು. ಅಲ್ಲಿ ಈ ದಿನ ಹೆಂಗಸರು ಗಂಡಸರಿಗೆ ಚಾಕೊಲೇಟು ಕೊಡಬೇಕು. ಹೆಣ್ಣು ತಾನಾಗಿ ಮನಸ್ಸು ತಿಳಿಸಲು ಅದೊಂದು ದಾರಿಯಾಯಿತೆಂಬುದು ಒಳ್ಳೆಯದೇ. ಆದರೆ ಕ್ರಮೇಣ ಕಚೇರಿಯ ಮೇಲಧಿಕಾರಿಗೆ, ಸಹೋದ್ಯೋಗಿಗಳಿಗೆಲ್ಲ ಕೊಡುವುದು ಕಡ್ಡಾಯದಂತಾಯಿತು. ಇದಕ್ಕೆ ‘ಗಿರಿ ಚೊಕೊ’ ಎಂದು ಹೆಸರು. ಗಿರಿ ಎಂದರೆ ಕರ್ತವ್ಯದ ಋಣ. 1970ರ ದಶಕದ ಕೊನೆಯಲ್ಲಿ ಮಿಠಾಯಿ ತಯಾರಕರು ಒಂದು ತಿಂಗಳ ನಂತರ, ಮಾರ್ಚ್ 14ರಂದು, ಗಂಡಸರು ಋಣ ತೀರಿಸುವ ‘ಬಿಳಿ ದಿನ’ವನ್ನೂ ಹುಡುಕಿಕೊಟ್ಟರು. ದಕ್ಷಿಣ ಕೊರಿಯಾದಲ್ಲಿ ಎರಡೂ ದಿನ ಏನೂ ಸಿಗದ ಒಂಟಿಗಳು ಏಪ್ರಿಲ್ 14ರಂದು ಕಪ್ಪು ಸಾರಿನ ಶಾವಿಗೆ ತಿನ್ನುವ ‘ಕಪ್ಪು ದಿನ’ವೂ ಇದೆ! 2018ರಲ್ಲಿ ಜಪಾನಿನಲ್ಲಿ ಚಾಕೊಲೇಟು ಕಂಪನಿಯೊಂದೇ ಈ ಕಡ್ಡಾಯದ ಕಾಣಿಕೆ ನಿಲ್ಲಿಸಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಬೇಡವೆನ್ನಲಾಗದ ಕಾಣಿಕೆಗೆ ನಮ್ಮ ಹಳೆಯ ರಾಜರ ಕಾಲದಲ್ಲಿ ಕಪ್ಪ ಎನ್ನುತ್ತಿದ್ದರು.

ನಮ್ಮ ದೇಶಕ್ಕೆ ಈ ಹಬ್ಬ ಜೋರಾಗಿ ಬಂದದ್ದು 1991ರ ಆರ್ಥಿಕ ಉದಾರೀಕರಣದ ನಂತರ, ಕೇಬಲ್ ಟೀವಿಯೊಂದಿಗೆ, ಶುಭಾಶಯ ಕಾರ್ಡಿನ ಅಂಗಡಿಗಳೊಂದಿಗೆ. ವಿರೋಧವೂ ಬೆನ್ನಿಗೇ ಬಂತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಹಲ್ಲೆ, ಅದರ ಬೆನ್ನಿಗೆ ಫೆಬ್ರುವರಿ 14ರ ಬಗ್ಗೆ ಹಾಕಿದ ಬೆದರಿಕೆ ದೇಶದಾದ್ಯಂತ ಸುದ್ದಿಯಾದಾಗ, ಮುಂಬಯಿಯಲ್ಲಿ ಕನ್ನಡಿಗನೆಂದು ಹೇಳಿಕೊಳ್ಳಲು ನನಗೆ ಸಂಕೋಚವಾದದ್ದುಂಟು. ಅದೇ ಕರ್ನಾಟಕದ ಇನ್ನೊಂದು ಮುಖವೂ ಇದೆ. ಬೆಂಗಳೂರಿನ ಸುತ್ತಲಿನ ಹಸಿರುಮನೆಗಳಲ್ಲಿ ರೈತರು ಡಿಸೆಂಬರಿನಲ್ಲಿ ಗಿಡ ಸವರಿ, ಸರಿಯಾಗಿ ಫೆಬ್ರುವರಿಯ ಮೊದಲ ವಾರಗಳಿಗೆ ಹೂ ಬರುವಂತೆ ಲೆಕ್ಕ ಹಾಕಿ ಕೆಂಪು ಗುಲಾಬಿ ಬೆಳೆಯುತ್ತಾರೆ. ‘ತಾಜ್‌ಮಹಲ್’ ಎಂಬ ತಳಿಗೆ ಹೆಚ್ಚು ಬೇಡಿಕೆ. ಅವು ವಿಮಾನವೇರಿ ಪರದೇಶಕ್ಕೂ ಹೋಗುತ್ತವೆ, ದೇಶದ ಇತರ ನಗರಗಳಿಗೂ ಬರುತ್ತವೆ. ಸ್ಟೇಷನ್ನಿನ ಹೊರಗಿನ ಬಕೆಟ್ಟಿನಲ್ಲಿ ನಿಂತ ಗುಲಾಬಿ ನಮ್ಮಂತೆಯೇ ಕನ್ನಡನಾಡಿನಿಂದ ಹೊಟ್ಟೆಪಾಡಿಗೆ ಬಂದದ್ದಿದ್ದೀತು!

ಮನೆಯ ಮಾತು

ಈ ಲೇಖನದ ಕರಡನ್ನು ಮನೆಯಲ್ಲಿ ಓದಿ ಹೇಳಿದೆ. ಮಾರ್ಜರಿಯ ಕಾಗದ ಗುಮಾಸ್ತನ ಕೈಯಲ್ಲಿತ್ತು ಎಂದಾಗ ಮೊಮ್ಮಗಳು ನಕ್ಕಳು. ನನಗೆ ನಮ್ಮ ಕಾಗದಗಳು ನೆನಪಾದವು. 1971ರಲ್ಲಿ ನಮ್ಮ ಮದುವೆಯಾದ ಮೇಲೆ ಎರಡು ವರ್ಷ ಇವಳು ಧಾರವಾಡದಲ್ಲಿ, ನಾನು ಇಲ್ಲಿ ನಾಲ್ವರು ಗೆಳೆಯರೊಂದಿಗೆ ಒಂದು ಖೋಲಿಯಲ್ಲಿ. ವಾರಕ್ಕೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದೆ. ವಿಳಾಸ ನನ್ನ ತಂದೆಯವರ ಹೆಸರಿಗೆ. ಅವರು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುವರು. ಇವಳು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುವಳು. ಅಂಥ ಕಾಗದದಲ್ಲಿ ಬರೆಯುವುದೇನು? ಮಳೆ ಹೆಚ್ಚು, ಊಟದ ವ್ಯವಸ್ಥೆ ಸುಮಾರು, ಎಲ್ಲರೂ ಕ್ಷೇಮ ಎಂದು ನಂಬಿರುತ್ತೇನೆ. 1973ರಲ್ಲಿ ಒಂದು ದಿನ ಬರೆದೆ: ‘ಡೊಂಬಿವಲಿಯಲ್ಲಿ ಖೋಲಿ ಸಿಕ್ಕಿದೆ, ನಳ ಬೆಳಿಗ್ಗೆ ಐದಕ್ಕೆ ಬರುತ್ತದೆ.’ ನನ್ನ ಜೀವಮಾನದ ಪ್ರೇಮಪತ್ರ ಅದೇ. ಇವಳಿಗೆ ಅರ್ಥವಾಗಿತ್ತು ಎಂದು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ.

ಅಂದೂ ಅದನ್ನೇ ಹೇಳಿದೆ. ಇವಳು ಬಟಾಣಿಯ ಸಿಪ್ಪೆ ಒಟ್ಟುಮಾಡುತ್ತ, ‘ಅರ್ಥ ಆಗಿತ್ತು ಬಿಡ್ರಿ’ ಎಂದಳು. ಆಮೇಲೆ ತುಸು ತಡೆದು, ‘ಆ ಗರುಡಕ್ಕ ಒಂದು ವರ್ಷ ಕೊಟ್ಟರಂತ. ನನಗ ಒಂದು ದಿನಾನೂ ಯಾರೂ ಕೊಡಲಿಲ್ಲ ನೋಡ್ರಿ. ನೀವು ಉಪ್ಪಿಟ್ಟು ತಿಂದು ಹೋದ್ರಿ, ಸಂಜಿಗೆ ಅಪ್ಪ ಮುಹೂರ್ತ ಇಟ್ಟು ಬಂದ್ರು’ ಎಂದಳು. ದೂರಿನ ದನಿಯಿರಲಿಲ್ಲ. ಐವತ್ತು ವರ್ಷದ ಮೇಲಿನ ಸಂಸಾರದಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಏನು ಹೇಳಬೇಕೋ ತಿಳಿಯಲಿಲ್ಲ. ಮೊಮ್ಮಗಳೂ ಸುಮ್ಮನಿದ್ದಳು.

ನಮ್ಮ ಮನೆಗೆ ಈಗ ಅವಳ ಜಾತಕ ಕೇಳಿ ಫೋನುಗಳು ಬರತೊಡಗಿವೆ. ಅವಳೇ ಯಾರನ್ನಾದರೂ ಮೆಚ್ಚಿ ಬಂದು ಹೇಳಿದರೂ ಹೇಳಿಯಾಳು. ನಮ್ಮ ಸಂಘದ ಬಹಳ ಮನೆಗಳಲ್ಲಿ ಇದೇ ಪರಿಸ್ಥಿತಿ. ಫೆಬ್ರುವರಿ 14ನ್ನು ಆಚರಿಸಬೇಕೆಂದಾಗಲಿ ಬಿಡಬೇಕೆಂದಾಗಲಿ ನಾನು ಹೇಳಲಾರೆ. ಗುಲಾಬಿ ಕೊಳ್ಳುವವರು ಕೊಳ್ಳಲಿ, ನಮ್ಮ ಕಡೆಯ ರೈತನಿಗೂ ನಾಲ್ಕು ಕಾಸು ಸಿಕ್ಕೀತು. ಆದರೆ ಹುಡುಗಿ ಯೋಚಿಸಲು ಒಂದು ವರ್ಷ ಬೇಕೆಂದು ಕೇಳಿದರೆ ಕೊಡೋಣ. ಬಾತುಕೋಳಿಗಳು ಎಷ್ಟೇ ಗದ್ದಲ ಮಾಡಲಿ, ಕಾಯುವವರು ಕಾಯಲಿ. ಎದುರುಮನೆಯ ರಾಯರಿಗೂ ಇದನ್ನೇ ಹೇಳಿದ್ದೇನೆ. ಅವರಿಗೂ ಇಬ್ಬರು ಮೊಮ್ಮಕ್ಕಳಿದ್ದಾರೆ. ‘ವಿಚಾರ ಮಾಡುವ ಮಾತೇ’ ಎಂದು ಹೇಳಿ ಎರಡನೆಯ ಚಹಾಕ್ಕೆ ಕುಳಿತರು.